ಒಗ್ಗರಣೆ ಬೇರೆ ಸೌಟಿನಲ್ಲೇ ಇರಲಿ

"ರಿವರ್ಬ್ ಹಾಕಿದ್ರೆ ದನಿ ದೂರ ಹೋಗತ್ತೆ, ಹಾಕದಿದ್ರೆ ಒಣಒಣ ಅನ್ಸತ್ತೆ, ಏನಪ್ಪಾ ಮಾಡೋದು?" ಅಂತ ಗೆಳೆಯ ಕೇಳ್ತಿದ್ದ. ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ ನೋಡಿ. ಒಗ್ಗರಣೆಯನ್ನ ಸಾರಿನೊಳಗೇ ಸಿಡಿಸೋಕಾಗತ್ಯೇ? ಬೇರೆ ಸೌಟಲ್ಲಿ ಮಾಡಿ ಆಮೇಲೆ ಸುರೀತೀವಿ.

ಮಿಕ್ಸಿಂಗಿನಲ್ಲೂ ಅಷ್ಟೇ. ಮೂಲ ಟ್ರ್ಯಾಕನ್ನ ಮುಟ್ಟಬೇಡಿ. ಅದರ ಒಂದು ಪ್ರತಿಯನ್ನ 'ಸೆಂಡ್' ಮೂಲಕ ಪಕ್ಕದ ಚಾನೆಲ್‌ಗೆ ಕಳಿಸಿ, ರಿವರ್ಬನ್ನ ಅಲ್ಲಿ ಹಾಕಿ. ಅದರಲ್ಲಿ 'ವೆಟ್' 100%, 'ಡ್ರೈ' ಸೊನ್ನೆ. ಆಮೇಲೆ ರುಚಿಗೆ ತಕ್ಕಷ್ಟು ಫೇಡರ್ ಏರಿಸಿ. ಎಂಟು ಟ್ರ್ಯಾಕ್ ಇದ್ರೂ ಒಂದೇ ರಿವರ್ಬ್ ಸಾಕು. ಸಿಪಿಯು ಉಳಿಯತ್ತೆ, ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಹಾಡಿದ ಹಾಗೂ ಇರತ್ತೆ.

ನಂಗೆ ಈ ವಿದ್ಯೆ ನಿಜವಾಗಿ ಬೇಕಾಗಿದ್ದು ಅಜ್ಜಿಯ ರಾಗಿ ಬೀಸುವ ಪದಕ್ಕೆ. ಊರಿಗೆ ಹೋದಾಗ ಮೊಬೈಲಲ್ಲಿ ಹಿಡಿದಿದ್ದು. ಅಜ್ಜಿ ಈಗಿಲ್ಲ, ಹಾಗಾಗಿ ಇನ್ನೊಂದು ಟೇಕ್ ಅನ್ನೋ ಮಾತೇ ಇಲ್ಲ. ಪ್ರತಿ ಸಾಲಿನ ಕೊನೆಗೆ ಉಸಿರು ಸೋತು ಪದ ಕೇಳಿಸ್ತಿರಲಿಲ್ಲ. ಟ್ರ್ಯಾಕಿನ ಮೇಲೇ ಗಟ್ಟಿಯಾಗಿ ಕಂಪ್ರೆಸರ್ ಹಾಕಿದ್ರೆ ಪದ ಕೇಳತ್ತೆ, ಆದ್ರೆ ಏರಿಳಿತ ಸತ್ತು ಹೋಗತ್ತೆ. ಅದಕ್ಕೇ ಪಕ್ಕದ ಚಾನೆಲ್‌ನಲ್ಲಿ 10:1ರಂತೆ ಒತ್ತಿ, ಮೂಲದ ಕೆಳಗೆ ಮೆಲ್ಲಗೆ ಸೇರಿಸಿದೆ. ಜೋರಾದ ಕಡೆ ಮೂಲ ದನಿಯೇ ಮುಂದೆ. ಮೆತ್ತಗಾದ ಕಡೆ ಪಕ್ಕದ್ದು ಕೈ ಹಿಡಿಯತ್ತೆ. ಇದಕ್ಕೆ 'ನ್ಯೂಯಾರ್ಕ್ ಕಂಪ್ರೆಷನ್' ಅಂತಲೂ ಹೆಸರಿದೆ. 1960ರ ದಶಕದಲ್ಲಿ ಬಂದ ಡಾಲ್ಬಿ ಎ ಕೂಡ ಮೂಲವನ್ನ ಹಾಗೇ ಬಿಟ್ಟು, ಸಣ್ಣ ಸದ್ದುಗಳನ್ನ ಪಕ್ಕದ ದಾರಿಯಲ್ಲಿ ಎತ್ತಿ ಸೇರಿಸ್ತಿತ್ತು.

ಮೂರು ಎಚ್ಚರಿಕೆ. ಒಂದು, ಪಕ್ಕದ ದಾರಿ ಬರೀ 1 ಮಿಲಿಸೆಕೆಂಡ್ ತಡವಾದ್ರೂ 500, 1500, 2500 ಹರ್ಟ್ಸ್‌ಗಳಲ್ಲಿ ಎರಡೂ ಒಂದನ್ನೊಂದು ಅಳಿಸಿ, ದನಿ ಡಬ್ಬದೊಳಗಿಂದ ಬಂದ ಹಾಗಾಗತ್ತೆ. ರೀಪರ್‌ನಂಥ ಸಾಫ್ಟ್‌ವೇರ್ ಪ್ಲಗಿನ್ನುಗಳ ಈ ತಡವನ್ನ ತಾನೇ ಸರಿದೂಗಿಸತ್ತೆ. ಎರಡು, ಒಂದೇ ದನಿಯ ಎರಡು ಪ್ರತಿ ಸಮಸಮ ಸೇರಿದ್ರೆ 6 ಡೆಸಿಬೆಲ್ ಏರತ್ತೆ. ಜೋರಾಗಿದ್ದೆಲ್ಲ ಚೆನ್ನಾಗಿದೆ ಅನ್ಸೋದು ಕಿವಿಯ ಗುಣ. ಮಟ್ಟ ಸಮ ಮಾಡಿಯೇ ಹೋಲಿಸಿ. ಮೂರು, ಸಣ್ಣ ದನಿ ಏರಿದ್ರೆ ಹಿಂದಿನ ಗದ್ದಲವೂ ಏರತ್ತೆ. ನನ್ನದರಲ್ಲಿ ಹಿತ್ತಲ ಕೋಳಿ ಎದ್ದು ಬಂತು. ಇರಲಿ ಬಿಡಿ, ಅದೂ ಆ ಮನೇದೇ!

ಹಾಡನ್ನ ಅಮ್ಮನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಫೋನಲ್ಲಿ ಅಂದ್ರು: "ಕೊನೇ ಸಾಲು ಹಿಂಗಿತ್ತು ಅಂತ ನಂಗೇ ಗೊತ್ತಿರಲಿಲ್ಲ ಕಣೋ."