ಎತ್ತಿಗೆ ಸೋಮವಾರ, ಗುರುವಿಗೆ ಯಾವ ವಾರ?



ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಿತ್ತನೆಯ ಹದ ತಪ್ಪಿಹೋಗುತ್ತಿದ್ದರೂ ಹಿರಿಯರು ಈ ನೇಮವನ್ನು ಮುರಿಯುತ್ತಿರಲಿಲ್ಲ. ಎತ್ತು ಶಿವನ ವಾಹನ, ಸೋಮವಾರ ಶಿವನ ವಾರ ಎಂಬ ಭಕ್ತಿ ಒಂದು ಕಡೆ. ಆರು ದಿನ ದುಡಿದ ಜೀವಕ್ಕೆ ಬಿಡುವು ಕೊಡದಿದ್ದರೆ ಮರುದಿನ ನೇಗಿಲ ಸಾಲು ನೆಟ್ಟಗೆ ಬಾರದೆಂಬ ಅನುಭವ ಇನ್ನೊಂದು ಕಡೆ. ಎತ್ತಿಗೆ ತೋರಿದ ಈ ಕರುಣೆಯನ್ನು ನಮ್ಮ ಮಕ್ಕಳಿಗೆ ಅಕ್ಷರ ತಿದ್ದಿಸುವ ಗುರುವಿಗೆ ತೋರುತ್ತಿದ್ದೇವೆಯೇ?

ಊರ ಕಟ್ಟೆಯ ಮೇಲೆ ಕುಳಿತವರು ಆಡುವ ಮಾತು ನಮ್ಮ ಕಿವಿಗೂ ಬೀಳುತ್ತದೆ. ಮೇಷ್ಟ್ರಿಗೇನು, ಬೇಸಿಗೆ ರಜೆ, ದಸರೆ ರಜೆ, ಕೂತಲ್ಲಿಗೇ ಸಂಬಳ ಎನ್ನುತ್ತಾರೆ. ಲೆಕ್ಕ ತಿಳಿದು ಮಾತನಾಡುವುದು ಹಿರಿಯರಿಗೆ ಭೂಷಣ. ಇತರ ಸರ್ಕಾರಿ ನೌಕರರ ಖಾತೆಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಸೇರಿದರೆ, ಶಾಲೆಗೆ ರಜೆಯುಂಟೆಂಬ ಕಾರಣಕ್ಕೆ ಶಿಕ್ಷಕರ ಖಾತೆಗೆ ಸೇರುವುದು 10 ದಿನ ಮಾತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಿಕ್ಷಕರಿಗೆ ವಾರಕ್ಕೆ 45 ಗಂಟೆಗಳ ಕೆಲಸವನ್ನು ಹೇಳಿದೆ. ಪಾಠದ ಪೂರ್ವತಯಾರಿಯೂ ಅದರೊಳಗೇ ಸೇರಿದೆ. ಆದರೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೇಲಿನವರು ಕೇಳುವ ಮಾಹಿತಿ ಇವೆಲ್ಲ ಮುಗಿದ ಮೇಲೆ ತಯಾರಿಗೆ ಉಳಿಯುವ ಹೊತ್ತೆಷ್ಟು? ನಲಿ ಕಲಿ ಕೊಠಡಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂಡಿಸಿಕೊಂಡು ಕಲಿಸುವ ತಾಯಂದಿರನ್ನು ಒಮ್ಮೆ ಹೋಗಿ ನೋಡಿರಿ.

2025ರ ದಸರೆ ನೆನಪಿರಬಹುದು. ನವರಾತ್ರಿ ಆರಂಭವಾದ ಸೆಪ್ಟೆಂಬರ್ 22ರಂದೇ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯೂ ಆರಂಭವಾಯಿತು. ಅಕ್ಟೋಬರ್ 7ಕ್ಕೆ ಅದು ಮುಗಿಯಲಿಲ್ಲ. ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ರಜೆ ಮಕ್ಕಳಿಗೆ; ಗುರುಗಳು ಮನೆಮನೆಯ ಬಾಗಿಲಲ್ಲಿ. ಸಮೀಕ್ಷೆ ಬೇಕೋ ಬೇಡವೋ ಎಂಬುದು ಇಲ್ಲಿಯ ಮಾತಲ್ಲ. ಆ ದಿನಗಳ ನಂತರ ದರ್ಶನಕ್ಕೆ ಬಂದ ಶಿಕ್ಷಕಿಯೊಬ್ಬರು, ಶಾಲೆ ತೆರೆದ ದಿನ ಮಕ್ಕಳು ನಗುತ್ತ ಓಡಿಬಂದರೂ ತಮಗೆ ನಗಲು ಆಗಲಿಲ್ಲವೆಂದು ಕಣ್ಣೊರೆಸಿಕೊಂಡರು. ಆ ಮಾತು ನಮ್ಮನ್ನು ಬಹಳ ದಿನ ಕಾಡಿತು.

ರೈತನಿಗೆ ಯಾರು ರಜೆ ಕೊಟ್ಟಿದ್ದಾರೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ದಣಿದ ಕೈಯಿಂದ ಸಾಲು ಸೊಟ್ಟಗಾದರೆ ಮತ್ತೊಮ್ಮೆ ಉಳಬಹುದು. ದಣಿದ ಗುರುವಿನ ಬಾಯಿಂದ ಒಂದನೆಯ ತರಗತಿಯ ಕೂಸಿನ ಮೇಲೆ ಬಿದ್ದ ಬಿರುಮಾತನ್ನು ಮತ್ತೆ ಉತ್ತು ಸರಿಮಾಡಲಾಗದು. ಆ ಕೂಸು ಶಾಲೆಯ ಹಾದಿಯನ್ನೇ ಮರೆತೀತು. ಗುರುವಿನ ವಿಶ್ರಾಂತಿ ಗುರುವಿಗಾಗಿ ಮಾತ್ರವಲ್ಲ, ನಿಮ್ಮ ಮೊಮ್ಮಗುವಿಗಾಗಿ.

ಗುರುಬಳಗಕ್ಕೂ ಒಂದು ಮಾತು. ರಜೆಯೆಂದರೆ ನಿವೇಶನದ ದಲ್ಲಾಳಿತನಕ್ಕೆ, ಬಡ್ಡಿ ವ್ಯವಹಾರಕ್ಕೆ ಸಿಕ್ಕ ಸಮಯವಲ್ಲ. ಅಂಥವರು ಕೆಲವರೇ ಇರಬಹುದು. ಕಟ್ಟೆಯ ಮಾತಿಗೆ ಬಾಯಿ ಕೊಟ್ಟವರು ಅವರೇ. ಶಾಲೆಗೆ ಮರಳುವ ಮುನ್ನಿನ ಒಂದು ವಾರವನ್ನಾದರೂ ಕಾಪಾಡಿಕೊಳ್ಳಿರಿ. ಕಣ್ತುಂಬ ನಿದ್ರೆ ಮಾಡಿರಿ. ವೃದ್ಧ ತಂದೆತಾಯಿಗಳ ಬಳಿ ಕುಳಿತು ಉಣ್ಣಿರಿ. ಪಠ್ಯದಲ್ಲಿಲ್ಲದ ಒಂದು ಪುಸ್ತಕ ಓದಿರಿ. ಕೊನೆಯ ದಿನ ಪಾಠದ ಯೋಜನೆ ಬರೆದಿಟ್ಟು, ಹಿಂದುಳಿದ ಮಕ್ಕಳ ಹೆಸರುಗಳನ್ನು ಒಮ್ಮೆ ನೆನೆಯಿರಿ. ಕಾಯಕಕ್ಕೆ ಸಿದ್ಧವಾಗುವುದೂ ಕಾಯಕವೇ.

ಊರವರ ಪಾಲಿನ ಕೆಲಸವೂ ಉಂಟು. ಶಾಲೆ ತೆರೆಯುವ ಮೊದಲು ಕೊಠಡಿ ಗುಡಿಸುವುದು, ನೀರಿನ ತೊಟ್ಟಿ ತೊಳೆಯುವುದು, ಸೋರುವ ಹೆಂಚು ಬದಲಿಸುವುದು ಎಸ್.ಡಿ.ಎಂ.ಸಿ. ಸದಸ್ಯರಿಂದ ಆಗಲಿ. ಅದಕ್ಕಾಗಿ ಆ ವಾರ ಗುರುವಿಗೆ ದೂರವಾಣಿ ಮಾಡಬೇಡಿರಿ. ಸರ್ಕಾರಕ್ಕೂ ನಮ್ಮ ಸೂಚನೆ ಇಷ್ಟೇ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ಶಿಕ್ಷಕರನ್ನು ಕರೆಯಲು ಕಾಯ್ದೆಯಲ್ಲೇ ಅವಕಾಶವಿದೆ, ಕರೆಯಲಿ. ಆದರೆ ಯಾವ ಕೆಲಸಕ್ಕೇ ಆಗಲಿ ರಜೆಯ ದಿನಗಳನ್ನು ತೆಗೆದುಕೊಂಡರೆ, ಶಾಲೆ ತೆರೆಯುವ ಮುನ್ನಿನ ಏಳು ದಿನಗಳನ್ನು ಮುಟ್ಟದಿರಲಿ.

ಎತ್ತಿನ ಸೋಮವಾರವನ್ನು ಯಾವ ಸರ್ಕಾರವೂ ಆಜ್ಞೆ ಮಾಡಿ ತಂದದ್ದಲ್ಲ, ನಮ್ಮ ಹಿರಿಯರ ಅಂತಃಕರಣ ತಂದದ್ದು. ಗುರುವಿನ ವಾರವನ್ನೂ ಅದೇ ಅಂತಃಕರಣ ಉಳಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.