‘ಲೈಫ್‌ಟೈಮ್’ ಸೂರು: ಯಾರ ಲೈಫು, ಯಾರ ಟೈಮು?



ಡಲ್ಲಾಸ್ ಸುತ್ತಮುತ್ತ ಆಲಿಕಲ್ಲು ಬಿದ್ದ ಮಾರನೇ ದಿನ ಬೀದಿಬೀದಿಯಲ್ಲಿ ಏಣಿ ಹೊತ್ತ ಪಿಕಪ್ ಟ್ರಕ್ಕುಗಳು ಕಾಣಿಸಿಕೊಳ್ಳುತ್ತವೆ. ಬಾಗಿಲು ತಟ್ಟುವವನ ಮಾತು ಎಲ್ಲ ಮನೆಯಲ್ಲೂ ಒಂದೇ: "ಪಕ್ಕದ ಮನೆಯವರೂ ನಮ್ಮ ಹತ್ತಿರವೇ ಮಾಡಿಸ್ತಿದ್ದಾರೆ. ಲೈಫ್‌ಟೈಮ್ ಶಿಂಗಲ್ ಹಾಕ್ತೀವಿ. ನಿಮ್ಮ ಜೇಬಿನಿಂದ ಒಂದು ಡಾಲರೂ ಬೇಡ." ನಮ್ಮವರು ನಿಂತಲ್ಲೇ ಸಹಿ ಹಾಕುತ್ತಾರೆ! ಕಾರು ಕೊಳ್ಳಲು ಮೂರು ವಾರ ಎಕ್ಸೆಲ್ ಶೀಟ್ ಮಾಡುವ ನಾವು, ಆಫೀಸಿನಲ್ಲಿ ವೆಂಡರ್ ಕಾಂಟ್ರಾಕ್ಟಿನ ಒಂದೊಂದು ಸಾಲಿಗೂ ಪ್ರಶ್ನೆ ಎತ್ತುವ ನಾವು, ತಲೆಯ ಮೇಲಿನ ಸೂರಿನ ವಿಷಯದಲ್ಲಿ ಮಾತ್ರ ಬಣ್ಣವೊಂದನ್ನು ಆರಿಸಿ ಕೈತೊಳೆದುಕೊಳ್ಳುತ್ತೇವೆ. ಇಪ್ಪತ್ತು ವರ್ಷದಿಂದ ಈ ಊರಲ್ಲಿದ್ದು ಇದನ್ನು ನೋಡಿ ನೋಡಿ ಸಾಕಾಗಿ ಈ ಓಲೆ ಬರೆಯುತ್ತಿದ್ದೇನೆ.

ಮೊದಲು ‘ಲೈಫ್‌ಟೈಮ್’ ಎಂಬ ಪದವನ್ನೇ ಬಿಚ್ಚಿ ನೋಡೋಣ. ಹಿಂದೆ ಶಿಂಗಲ್ ಕಟ್ಟಿನ ಮೇಲೆ 25 ವರ್ಷ, 30 ವರ್ಷ ಎಂದು ಬರೆದಿರುತ್ತಿತ್ತು. 2011ರ ಹೊತ್ತಿಗೆ ದೊಡ್ಡ ತಯಾರಕರು ಆ ಜಾಗದಲ್ಲಿ ‘ಲೈಫ್‌ಟೈಮ್’ ಎಂದು ಬರೆಯತೊಡಗಿದರು. ಸಣ್ಣ ಅಕ್ಷರ ಓದಿ: ಈ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಆಲಿಕಲ್ಲಿಗೆ ಸಾಮಾನ್ಯವಾಗಿ ಇಲ್ಲ, ಗಾಳಿಗೆ ಒಂದು ಮಿತಿಯವರೆಗೆ. ಪೂರ್ತಿ ಹಣ ಕೊಡುವುದು ಮೊದಲ ಕೆಲವು ವರ್ಷ, ಆಮೇಲೆ ವರ್ಷ ವರ್ಷ ಕಡಿತ. ಮನೆ ಮಾರಿದರೆ ಅದೂ ಮೊಟಕಾಗುತ್ತದೆ. ಎರಡು ಇಂಚಿನ ಆಲಿಕಲ್ಲು ಬೀಳುವ ನಾಡಿನಲ್ಲಿ ಆಲಿಕಲ್ಲಿಗೆ ಅನ್ವಯಿಸದ ವಾರಂಟಿ ಕೈಯಲ್ಲಿ ಹಿಡಿದು ಏನು ಮಾಡೋದು?

ಹಾಗಾದರೆ ನೋಡಬೇಕಾದ್ದು ಏನು? ಎಲ್ಲ ಆಸ್ಫಾಲ್ಟ್ ಶಿಂಗಲ್ಲಿನ ಒಳಗೂ ಈಗ ಫೈಬರ್‌ಗ್ಲಾಸ್ ಹಾಳೆ, ಅದಕ್ಕೆ ಡಾಂಬರಿನ ಲೇಪ, ಮೇಲೆ ಕಲ್ಲಿನ ಹರಳು. ಈ ಹರಳು ಅಂದಕ್ಕಷ್ಟೇ ಅಲ್ಲ, ಬಿಸಿಲಿನಿಂದ ಡಾಂಬರನ್ನು ಕಾಯುವುದೇ ಅದು. ಆಲಿಕಲ್ಲು ಹರಳನ್ನು ಉದುರಿಸಿದ ಕಡೆ ಡಾಂಬರು ಒಣಗಿ ಬಿರುಕು ಬಿಡುತ್ತದೆ. ಇಂದು ಸೋರದ ಸೂರು ಮೂರು ವರ್ಷ ಬಿಟ್ಟು ಸೋರುವುದು ಹೀಗೆ.

ತ್ರೀ-ಟ್ಯಾಬ್ ಒಂದೇ ಪದರದ್ದು, ಹಗುರ, ಅಗ್ಗ. ಆರ್ಕಿಟೆಕ್ಚರಲ್ ಶಿಂಗಲ್ ಎರಡು ಪದರ ಅಂಟಿಸಿದ್ದು, ಗಾಳಿಗೆ ಹೆಚ್ಚು ತಡೆಯುತ್ತದೆ. ಇವೆರಡರ ನಡುವೆ ಉಳಿತಾಯದ ಆಸೆಗೆ ತ್ರೀ-ಟ್ಯಾಬ್ ಹಾಕಿಸುವವರು ಸ್ವಲ್ಪ ಯೋಚಿಸಿ: ಹಳೆಯದನ್ನು ಕೀಳುವ ಕೂಲಿ, ಹೊಸದನ್ನು ಹೊಡೆಯುವ ಕೂಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಮೂರನೆಯದು, ನಮ್ಮಲ್ಲಿ ಯಾರೂ ಕೇಳದೇ ಇರುವುದು, ಪೆಟ್ಟು ತಡೆಯುವ ಕ್ಲಾಸ್ 4 ಶಿಂಗಲ್. ಇವುಗಳಲ್ಲಿ ಹಲವಕ್ಕೆ ಡಾಂಬರಿನ ಜೊತೆ ರಬ್ಬರಿನ ಗುಣದ ಎಸ್‌ಬಿಎಸ್ ಪಾಲಿಮರ್ ಬೆರೆಸಿರುತ್ತಾರೆ. ಯುಎಲ್ 2218 ಪರೀಕ್ಷೆಯಲ್ಲಿ ಎರಡು ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸುತ್ತಾರೆ. ಶಿಂಗಲ್ ಬಿರಿಯದಿದ್ದರೆ ಕ್ಲಾಸ್ 4. ಟೆಕ್ಸಾಸ್, ಒಕ್ಲಹೋಮ, ಕೊಲರಾಡೋದಲ್ಲಿ ಮನೆ ಇರುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು, ಬಣ್ಣ ಆಮೇಲೆ.

ಆದರೆ ಕ್ಲಾಸ್ 4 ಎಂಬ ಚೀಟಿ ಕಂಡ ಕೂಡಲೇ ಕಣ್ಣು ಮುಚ್ಚಿಕೊಳ್ಳುವುದೂ ಬೇಡ. ಉಕ್ಕಿನ ಗುಂಡು ಬೇರೆ, ಮಂಜಿನ ಗಡ್ಡೆ ಬೇರೆ. ಐಬಿಎಚ್ಎಸ್ ಎಂಬ ಸಂಶೋಧನಾ ಸಂಸ್ಥೆ 2019ರಿಂದ ನಿಜವಾದ ಆಲಿಕಲ್ಲಿನಂತಹ ಮಂಜಿನ ಉಂಡೆಗಳನ್ನು ಹೊಡೆದು ಶಿಂಗಲ್‌ಗಳಿಗೆ ಅಂಕ ಕೊಡುತ್ತಿದೆ. ಒಂದೇ ಕ್ಲಾಸ್ 4ರೊಳಗೂ ಚೆನ್ನಾಗಿ ತಡೆದವು, ತಡೆಯದವು ಎರಡೂ ಅಲ್ಲಿವೆ. ಪಟ್ಟಿ ಎಲ್ಲರಿಗೂ ತೆರೆದಿದೆ, ನೋಡಿ ಬ್ರ್ಯಾಂಡ್ ಆರಿಸಿ.

"ಅಯ್ಯೋ ಬಿಡಿ ಸಾರ್, ಹಾಳಾದರೆ ಇನ್ಶೂರೆನ್ಸ್ ಕೊಡುತ್ತೆ" ಅನ್ನುವವರಿಗೆ ಒಂದು ಲೆಕ್ಕ. ಇಲ್ಲಿ ಆಲಿಕಲ್ಲಿನ ಡಿಡಕ್ಟಿಬಲ್ ಅನೇಕ ಪಾಲಿಸಿಗಳಲ್ಲಿ ಶೇಕಡಾ ಲೆಕ್ಕದಲ್ಲಿರುತ್ತದೆ. ಮನೆಗೆ 5 ಲಕ್ಷ ಡಾಲರ್ ವಿಮೆ, ಡಿಡಕ್ಟಿಬಲ್ ಶೇ. 2 ಎಂದರೆ ನಿಮ್ಮ ಜೇಬಿನಿಂದ 10,000 ಡಾಲರ್. "ಅದನ್ನು ನಾವು ನೋಡ್ಕೋತೀವಿ" ಎಂದು ಬಾಗಿಲಲ್ಲಿ ನಿಂತವನು ಹೇಳುತ್ತಾನಲ್ಲ, ಟೆಕ್ಸಾಸಿನಲ್ಲಿ 2019ರ ಸೆಪ್ಟೆಂಬರ್ 1ರಿಂದ ಅದು ಅಪರಾಧ. ವಿಮಾ ಕಂಪನಿ ನೀವು ಡಿಡಕ್ಟಿಬಲ್ ಕಟ್ಟಿದ್ದಕ್ಕೆ ಪುರಾವೆಯನ್ನೂ ಕೇಳಬಹುದು. ವೀಸಾ, ಗ್ರೀನ್ ಕಾರ್ಡ್ ಎಂದು ಒಂದೊಂದು ಕಾಗದಕ್ಕೂ ಬೆವರುವ ನಮಗೆ ಇಂಥ ವ್ಯವಹಾರ ಬೇಕೇ? ಸೂರು ಹಳೆಯದಾದ ಮೇಲೆ ಹೊಸದರ ಬೆಲೆ ಕೊಡದೆ, ಸವಕಳಿ ಕಳೆದು ಉಳಿದದ್ದನ್ನು ಮಾತ್ರ ಕೊಡುವ ಪಾಲಿಸಿಗಳೂ ಇವೆ. ನಿಮ್ಮದು ಯಾವುದು? ಈ ವಾರವೇ ತೆಗೆದು ಓದಿ.

ಕ್ಲಾಸ್ 4 ಹಾಕಿಸಿದರೆ ಹಲವು ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡುತ್ತವೆ. ಅದರ ಬದಲಿಗೆ ‘ನೋಟಕ್ಕಷ್ಟೇ ಆದ ಹಾನಿಗೆ ಹಣವಿಲ್ಲ’ ಎಂಬ ಷರತ್ತಿಗೆ ಸಹಿ ಕೇಳಬಹುದು. ರಿಯಾಯಿತಿ ಎಷ್ಟು, ಬಿಟ್ಟುಕೊಡುವುದು ಎಷ್ಟು ಎಂದು ಬರಹದಲ್ಲಿ ಪಡೆದ ಮೇಲೆ ಒಪ್ಪಿ. "ಎಚ್‌ಒಎ ಬಿಡೋದಿಲ್ಲ" ಎಂಬ ನೆಪವೂ ಟೆಕ್ಸಾಸಿನಲ್ಲಿ ನಡೆಯದು. ಸುತ್ತಲಿನ ಮನೆಗಳ ಶಿಂಗಲ್ಲಿಗೆ ನೋಟದಲ್ಲಿ ಹೊಂದುವ, ಆಲಿಕಲ್ಲು ಮತ್ತು ಗಾಳಿ ತಡೆಯುವ ಶಿಂಗಲ್ಲನ್ನು ಎಚ್‌ಒಎ ನಿಷೇಧಿಸುವಂತಿಲ್ಲ ಎಂದು 2011ರಲ್ಲೇ ಇಲ್ಲಿ ಕಾನೂನಾಗಿದೆ.

ಬೇರೆ ರಾಜ್ಯದ ಗೆಳೆಯರೇ, ನಿಮ್ಮ ಶತ್ರು ಬೇರೆ. ಫ್ಲೋರಿಡಾ, ಕೆರೊಲಿನಾ ತೀರದವರು ಗಾಳಿಯ ವರ್ಗ ಕೇಳಿ: ಎಎಸ್‌ಟಿಎಂ ಡಿ7158 ಅಡಿಯಲ್ಲಿ ಎಚ್ ಎಂದರೆ ಗಂಟೆಗೆ 150 ಮೈಲಿ. ಮಿನ್ನೆಸೋಟ, ಮಿಶಿಗನ್‌ನವರು ಸೂರಿನ ಅಂಚಿಗೆ ಐಸ್ ತಡೆಯುವ ಪದರ ಹಾಕಿದ್ದಾರೆಯೇ ನೋಡಿ. ಹೊರಗೋಡೆಯಿಂದ ಒಳಕ್ಕೆ ಕನಿಷ್ಠ 24 ಇಂಚು ಬರಬೇಕು. ಬೇ ಏರಿಯಾದವರಿಗೆ ಆಲಿಕಲ್ಲಿನ ಭಯ ಕಡಿಮೆ, ಬೆಂಕಿಯ ಭಯ ಹೆಚ್ಚು. ಬೆಂಕಿಗೆ ಕ್ಲಾಸ್ ಎ ಇರುವ ಸಾದಾ ಆರ್ಕಿಟೆಕ್ಚರಲ್ ಸಾಕು, ಸ್ಲೇಟಿನಂತೆ ಕಾಣುವ ‘ಲಕ್ಷುರಿ’ ಶಿಂಗಲ್ಲಿಗೆ ದುಡ್ಡು ಸುರಿಯಬೇಡಿ.

ಎಂಥ ಶಿಂಗಲ್ ತಂದರೂ ಮೊಳೆ ತಪ್ಪಿದರೆ ಎಲ್ಲ ವ್ಯರ್ಥ. ಜೋರು ಗಾಳಿಯ ಕಡೆ ನಾಲ್ಕಲ್ಲ, ಆರು ಮೊಳೆ, ಅದೂ ಗುರುತಿನ ಪಟ್ಟಿಯ ಮೇಲೇ. ಅಟ್ಟದಲ್ಲಿ ಗಾಳಿ ಆಡಬೇಕು. ಇದನ್ನೆಲ್ಲ ಕಾಂಟ್ರಾಕ್ಟಿನಲ್ಲಿ, ಶಿಂಗಲ್ಲಿನ ಪೂರ್ತಿ ಹೆಸರಿನ ಸಮೇತ ಬರೆಸಿ. ಬರೆಯಲು ಒಲ್ಲೆ ಎನ್ನುವವನಿಗೆ ಬಾಗಿಲಲ್ಲೇ ನಮಸ್ಕಾರ ಹೇಳಿ.

ಊರಿನಲ್ಲಿ ಹೆಂಚಿನ ಮನೆ ಇದ್ದವರಿಗೆ ಗೊತ್ತು: ಮಳೆಗಾಲಕ್ಕೆ ಮುಂಚೆ ಅಜ್ಜ ಒಡೆದ ಹೆಂಚು ಯಾವುದೆಂದು ತಾನೇ ನೋಡುತ್ತಿದ್ದ, ಬೀದಿಯಲ್ಲಿ ಹೋಗುವವನನ್ನು ಕೇಳುತ್ತಿರಲಿಲ್ಲ. ನಮಗೆ ಏಣಿ ಹತ್ತುವ ಧೈರ್ಯ ಬೇಡ, ಮೂರು ಅಂದಾಜುಪಟ್ಟಿ ತರಿಸಿ ಪಕ್ಕಪಕ್ಕ ಇಟ್ಟು ಓದುವ ತಾಳ್ಮೆ ಸಾಕು. ಒಂದೇ ಬೀದಿಯಲ್ಲಿ ನಾಲ್ಕು ಕನ್ನಡದ ಮನೆಗಳಿದ್ದರೆ ಒಟ್ಟಿಗೆ ಚೌಕಾಸಿ ಮಾಡಿ. ನಿಮ್ಮ ಅಂದಾಜುಪಟ್ಟಿಗಳನ್ನು, ಹೆಸರು ಅಳಿಸಿ, ನಮಗೂ ಕಳಿಸಿ. ಮುಂದಿನ ಆಲಿಕಲ್ಲಿಗೆ ಮುಂಚೆ ಎಲ್ಲರಿಗೂ ಹಂಚೋಣ.

ಏನಂತೀರಿ?