ಉಲ್ಹಾಸ್ ದಂಡೆಗೆ ಇನ್ನೊಂದು ಬುಟ್ಟಿ ಮಣ್ಣೂ ಬೀಳಬಾರದು!

ಕಲ್ಯಾಣ್, ಡೊಂಬಿವಲಿ, ಠಾಣೆ, ನವಿಮುಂಬಯಿಯ ಕನ್ನಡ ಬಂಧುಗಳೇ,

ಹೋದ ವಾರ ಒಂದೇ ಒಂದು ಅಡ್ಡಮಳೆ ಬಿತ್ತು. ನಮ್ಮ ಬಿಲ್ಡಿಂಗಿನ ನಲ್ಲಿಗೆ ಕಟ್ಟಿದ ಬಿಳಿ ಬಟ್ಟೆ ಮೂರೇ ದಿನದಲ್ಲಿ ಚಹಾ ಸೋಸಿದ ಬಟ್ಟೆಯಂತಾಯಿತು. ಕೊಡದ ತಳದಲ್ಲಿ ಬೆರಳಿಗೆ ಅಂಟುವಷ್ಟು ಕೆಸರು. ಇತ್ತ ರಾತ್ರಿ ಹನ್ನೊಂದಾದರೆ ಸಾಕು, ಡಂಪರುಗಳು ಉಲ್ಹಾಸ್ ನದಿದಂಡೆಯ ಗದ್ದೆಗೆ ಒಡೆದ ಟೈಲ್ಸು, ಸಿಮೆಂಟು, ಕೆಂಪು ಮಣ್ಣು ಸುರಿದು ಹೋಗುತ್ತಿವೆ. ದಂಡೆ ಹೂತರು, ನಮ್ಮ ಕೊಡ ಕೆಸರಾಯಿತು!

ನಾವು ಕುಡಿಯುವುದು ಯಾವ ನೀರು? ಮಳೆಗಾಲ ಮುಗಿದ ಮೇಲೆ ಉಲ್ಹಾಸಿನಲ್ಲಿ ಹರಿಯುವುದು ಬಹುಪಾಲು ಬಾರವಿ ಅಣೆಕಟ್ಟಿನಿಂದ ಬಿಟ್ಟ ನೀರು, ಭಿವಪುರಿ ವಿದ್ಯುದಾಗಾರದಿಂದ ಹೊರಬಿದ್ದ ಆಂಧ್ರಾ ನದಿಯ ಜಲಾಶಯದ ನೀರು. ಅದು ನದಿಯ ಪಾತ್ರದಲ್ಲೇ ಹರಿದು ಬಂದು ಜಾಂಭುಳ, ಮೋಹನೆಯಲ್ಲಿ ಕುಡಿಯುವ ನೀರೆತ್ತುವ ಪಂಪುಗಳಿಗೆ ಸಿಗುತ್ತದೆ. ದಡದಲ್ಲಿ ಗದ್ದೆ, ಹುಲ್ಲು, ಪೊದೆ ಇದ್ದರೆ ಮಳೆನೀರು ಕೆಸರನ್ನು ಬೇರುಗಳಲ್ಲೇ ಬಿಟ್ಟು ನಿಧಾನವಾಗಿ ಇಳಿಯುತ್ತದೆ. ದಂಡೆ ಹೂತರೆ ಕೊಳೆ ನೇರ ನದಿಗೆ. ಆ ಕೊಳೆ, ಜೊತೆಗೆ ಚರಂಡಿ ನೀರು ಉಂಡೇ ಅಂತರಗಂಗೆ, ಇಲ್ಲಿಯವರ ಜಲಪರ್ಣಿ, ಬೇಸಿಗೆಯಲ್ಲಿ ಮೋಹನೆಯ ನೀರು ಕಾಣದಂತೆ ಹಬ್ಬುವುದು.

2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಉಲ್ಹಾಸ್, ವಾಲ್ಧುನಿ ನದಿಗಳನ್ನು ಕೆಡಿಸಿದ್ದಕ್ಕೆ ಸ್ಥಳೀಯ ಸಂಸ್ಥೆಗಳಿಗೂ ಕೈಗಾರಿಕಾ ತ್ಯಾಜ್ಯ ಸಂಸ್ಕರಣಾ ಘಟಕಗಳಿಗೂ ಒಟ್ಟು 95 ಕೋಟಿ ರೂಪಾಯಿ ದಂಡ ಹಾಕಿತು. ದಂಡದಿಂದ ದಂಡೆ ಹುಟ್ಟಿ ಬರುತ್ತದೆಯೆ?

"ಅಭಿವೃದ್ಧಿ ಬೇಡವೆ?" ಎನ್ನುತ್ತಾರೆ. ಬೇಕು ಸ್ವಾಮಿ! ಇಪ್ಪತ್ತನೇ ಮಹಡಿಯಿಂದ ನದಿ ತೋರಿಸಿ ಮನೆ ಮಾರುವವರು ಅದೇ ನದಿಯ ಒಂದು ಲೋಟ ನೀರು ಕುಡಿದು ತೋರಿಸಲಿ. "ದಂಡೆ ಬರೀ ಖಾಲಿ ಜಾಗ" ಎನ್ನುವವರು 2019ರ ಜುಲೈ 27ರಂದು ಎಲ್ಲಿದ್ದರು? ಬದಲಾಪುರ, ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನು ಇದೇ ನದಿಯ ಪ್ರವಾಹ ಸುತ್ತುವರಿದು, ಪ್ರಯಾಣಿಕರನ್ನು ದೋಣಿಗಳಲ್ಲಿ ಇಳಿಸಬೇಕಾಯಿತು. ಆ ಜಾಗ ಖಾಲಿಯಲ್ಲ, ನದಿಯದು.

ಪರಿಸರ ದಿನಕ್ಕೆ ಅಂತರಗಂಗೆ ಎಳೆದು ಫೋಟೋ ತೆಗೆಸಿಕೊಳ್ಳುವ ಮಂಡಳಿಗಳೇ, ಎಲೆ ಕಿತ್ತದ್ದು ಸಾಕು, ಡಂಪರಿನ ಮುಂದೆ ನಿಲ್ಲಿ. "ನಮ್ಮದು ಮೊರ್ಬೆ ಅಣೆಕಟ್ಟಿನ ನೀರು" ಎಂದು ನಿಶ್ಚಿಂತರಾಗಿರುವ ನವಿಮುಂಬಯಿಯವರೇ, ಕಲ್ಲುಕೋರೆ ತಿಂದ ನಿಮ್ಮದೇ ಪಾರ್ಸಿಕ್ ಗುಡ್ಡವನ್ನೊಮ್ಮೆ ನೋಡಿ: ಇಲ್ಲಿ ದಂಡೆ ಹೋದಂತೆ ಅಲ್ಲಿ ಗುಡ್ಡ ಹೋಗುತ್ತಿದೆ. ನಮ್ಮ ಕನ್ನಡ ಸಂಘದವರೂ ಕೇಳಲಿ: ಶಾಲು, ಹಾರ, ಯಕ್ಷಗಾನಕ್ಕೆ ಒಟ್ಟಾಗುವ ನಾವು ನೀರಿನ ಮಾತು ಬಂದಾಗ "ಅದು ಇಲ್ಲಿಯವರ ರಾಜಕೀಯ" ಎಂದು ಜಾರಿಕೊಳ್ಳುವುದು ನಾಚಿಕೆಗೇಡು. ಊರು ಬಿಟ್ಟು ಬಂದ ನಮ್ಮ ಹಿರಿಯರು ಹೋಟೆಲುಗಳಲ್ಲಿ ಲೋಟ ತೊಳೆದದ್ದು ಇದೇ ನೀರಿನಲ್ಲಿ. ಇದು ನಮ್ಮ ನದಿಯೂ ಹೌದು.

ದಂಡೆ ಹೂಳುವುದು ನಿಲ್ಲಬೇಕು. ಉಳಿದ ಗದ್ದೆ, ಗುಡ್ಡ, ಹಳ್ಳ ಹಾಗೆಯೇ ಉಳಿಯಬೇಕು. ಮೃಗಶಿರಾ ಮಳೆ ಹಿಡಿಯುವ ಮುನ್ನ ವಾರ್ಡ್ ಕಚೇರಿಗೆ ಮನೆಗೊಬ್ಬರಂತೆ ಬನ್ನಿ. ಡಂಪರು ಕಂಡಿದ್ದರೆ ನಂಬರು, ಹೊತ್ತು, ಜಾಗ ಬರೆದು ತನ್ನಿ. ಕೆಸರು ನಿಂತ ಕೊಡವನ್ನೂ ತನ್ನಿ, ತೊಳೆಯದೆ.